ಚೀನಾ ದೇಶದಲ್ಲಿ ನಾವು ನೋಡತಕ್ಕ ಸ್ಥಳಗಳು

ಪ್ರವಾಸದ ಮಾತು ಬಂದಾಗ ಪುಣೆಯ ನಮ್ಮ ಕನ್ನಡ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳು ಸಿದ್ಧವಾಗಿರುತ್ತವೆ. ಒಂದು ನಾಡಿನದು: ಧಾರವಾಡ, ಬಾದಾಮಿ, ಉಡುಪಿ, ಮಂತ್ರಾಲಯ. ಇನ್ನೊಂದು ಪರದೇಶದ್ದು: ಮಗನೋ ಮಗಳೋ ನೌಕರಿಗೆಂದು ಹೋಗಿ ನೆಲಸಿದ ಊರು, ಮತ್ತು ಅದರ ಸುತ್ತಮುತ್ತ ಪ್ರವಾಸ ಕಂಪನಿಯವರು ತೋರಿಸುವಷ್ಟು. ಈ ಎರಡರಲ್ಲಿಯೂ ಚೀನಾ ಇಲ್ಲ. ಇಲ್ಲದಿರುವುದಕ್ಕೆ ಕಾರಣಗಳುಂಟು, ಅವನ್ನು ಮರೆಮಾಚಬೇಕಾದುದಿಲ್ಲ. ೧೯೬೨ರ ಯುದ್ಧವನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ೨೦೨೦ರ ಗಲ್ವಾನ್ ಘರ್ಷಣೆಯಲ್ಲಿ ನಮ್ಮ ೨೦ ಮಂದಿ ಯೋಧರು ಮಡಿದರು. ದಂಡಿನ ಊರಾದ ಪುಣೆಯಲ್ಲಿ ಇಂಥದು ಬರಿಯ ಪತ್ರಿಕೆಯ ಸುದ್ದಿಯಾಗಿ ಉಳಿಯುವುದಿಲ್ಲ. ಅದೇ ವರ್ಷ ಸಾಂಕ್ರಾಮಿಕ ರೋಗದ ದೆಸೆಯಿಂದ ನಿಂತುಹೋದ ನೇರ ವಿಮಾನ ಸಂಚಾರ ಐದು ವರ್ಷ ಮತ್ತೆ ಆರಂಭವಾಗಲೇ ಇಲ್ಲ. ೨೦೨೫ರ ಅಕ್ಟೋಬರ್ ಕೊನೆಗೆ ಕೋಲ್ಕತ್ತೆಯಿಂದ ಗುವಾಂಗ್‌ಝೌ ನಗರಕ್ಕೆ, ಬಳಿಕ ದಿಲ್ಲಿಯಿಂದಲೂ ವಿಮಾನಗಳು ಹೊರಟವು. ದಾರಿಯೇನೋ ತೆರೆಯಿತು. ಹೋಗಬೇಕೋ ಬೇಡವೋ ಎಂಬುದನ್ನು ಆಯಾ ಮನೆಯವರು ತಂತಮ್ಮ ಮನಸ್ಸನ್ನು ಕೇಳಿ ನಿರ್ಧರಿಸತಕ್ಕದ್ದು. ಹೋಗುವುದಾದರೆ ಏನು ನೋಡಬೇಕೆಂಬುದಷ್ಟೇ ಇಲ್ಲಿಯ ಮಾತು.

ನಮ್ಮ ಎಣಿಕೆಯಲ್ಲಿ ಮೊದಲ ಊರು ಬೀಜಿಂಗ್ ಅಲ್ಲ, ಷೀಆನ್. ಹಿಂದೆ ಇದಕ್ಕೆ ಚಾಂಗ್‌ಆನ್ ಎಂದು ಹೆಸರು. ಹ್ಯೂಯೆನ್‌ತ್ಸಾಂಗನೆಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ ಯಾತ್ರಿಕನು ಭರತಖಂಡದ ಸಂಚಾರ ಮುಗಿಸಿ ಕ್ರಿ. ಶ. ೬೪೫ರಲ್ಲಿ ಈ ಊರಿಗೆ ಮರಳಿದ. ೨೦ ಕುದುರೆಗಳ ಮೇಲೆ ೬೫೭ ಗ್ರಂಥಗಳನ್ನು ಹೇರಿಕೊಂಡು ಬಂದನಂತೆ. ಅವನ್ನು ಕಾಪಾಡಲೆಂದು ೬೫೨ರಲ್ಲಿ ಎಬ್ಬಿಸಿದ ಗೋಪುರವೇ ‘ದೊಡ್ಡ ಹೆಬ್ಬಾತಿನ ಪಗೋಡ’. ಕಟ್ಟುವಾಗ ಇಟ್ಟಿಗೆಗಳನ್ನು ಅವನೂ ಹೊತ್ತನೆಂದು ಪ್ರತೀತಿ. ಮೊದಲು ಐದು ಅಂತಸ್ತು ಇದ್ದದ್ದು ಈಗ ಏಳಾಗಿದೆ. ಎತ್ತರ ಸುಮಾರು ೬೪ ಮೀಟರು. ನಮ್ಮ ದೇವಸ್ಥಾನಗಳ ಶಿಲ್ಪವನ್ನು ಕಂಡ ಕಣ್ಣಿಗೆ ಈ ಗೋಪುರ ಮೊದಲ ನೋಟಕ್ಕೆ ಬೋಳಾಗಿಯೇ ತೋರೀತು. ಆದರೂ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಕನ್ನಡಿಗನ ಮಟ್ಟಿಗೆ ಒಂದು ಋಣ ಸಂದಾಯವೇ ಸರಿ.

ಏಕೆಂದರೆ ಈ ಯಾತ್ರಿಕನು ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಸುಮಾರು ೬೪೧ರಲ್ಲಿ ಕಂಡು ಬರೆದವನು. ಅದನ್ನು ಅವನು ಮಹಾರಾಷ್ಟ್ರ ದೇಶವೆಂದು ಕರೆದ. ಅರಸನ ಹೆಸರನ್ನು ತನ್ನ ಭಾಷೆಯ ಉಚ್ಚಾರಕ್ಕೆ ತಿರುಗಿಸಿ ದಾಖಲೆ ಮಾಡಿದ. ಅವನು ಕಂಡ ರಾಜಧಾನಿ ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ವಾದವುಂಟು. ಜನರ ವರ್ಣನೆಯಲ್ಲಿ ಮಾತ್ರ ಸಂದಿಗ್ಧವಿಲ್ಲ. ಉಪಕಾರ ಮಾಡಿದವರನ್ನು ಇವರು ಮರೆಯರು, ಅಪಕಾರ ಮಾಡಿದವರನ್ನೂ ಬಿಡರು. ಸೇಡು ತೀರಿಸುವ ಮೊದಲು ಎದುರಾಳಿಗೆ ಸೂಚನೆ ಕೊಡುತ್ತಾರೆ. ಸೋತು ಬಂದ ದಳಪತಿಗೆ ಶಿಕ್ಷೆಯಿಲ್ಲ, ಹೆಂಗಸರ ಉಡುಪು ಕೊಡುತ್ತಾರೆ. ಕಾಳಗದ ಮುನ್ನ ಆನೆಗಳಿಗೂ ಮದ್ಯ ಕುಡಿಸುತ್ತಾರೆ. ಉತ್ತರದ ಹರ್ಷನು ತಾನೇ ದಂಡೆತ್ತಿ ಬಂದರೂ ಈ ರಾಜನನ್ನು ಗೆಲ್ಲಲಾಗಲಿಲ್ಲ ಎಂಬುದು ಅವನ ಬರಹದ ಸಾರ. ಇದೇ ಸಂಗತಿಯನ್ನು ರವಿಕೀರ್ತಿಯು ೬೩೪ರ ಐಹೊಳೆಯ ಶಾಸನದಲ್ಲಿ ಹೇಳಿದ್ದಾನೆ, ನಿಜ. ಆದರೆ ಆಸ್ಥಾನದ ಕವಿ ಹೊಗಳುವುದು ಸಹಜ. ಹರ್ಷನಿಂದಲೇ ಸತ್ಕಾರ ಪಡೆದ ಪರದೇಶಿಯೊಬ್ಬನು ಅದನ್ನೊಪ್ಪಿ ಬರೆದಾಗ ಅದಕ್ಕೆ ಸಾಕ್ಷಿಯ ಬೆಲೆ ಬರುತ್ತದೆ. ಇನ್ನೊಂದು ಸಂಗತಿ ಮನಸ್ಸನ್ನು ಕಲಕುವಂಥದು. ಅವನು ತನ್ನ ಗ್ರಂಥವನ್ನು ಮುಗಿಸಿದ್ದು ೬೪೬ರಲ್ಲಿ. ಅಷ್ಟರೊಳಗೆ, ಸುಮಾರು ೬೪೨ರಲ್ಲಿ, ಪಲ್ಲವರು ಬಾದಾಮಿಯನ್ನು ಹಿಡಿದು ಆ ಸೋಲರಿಯದ ರಾಜನ ಕಥೆ ಮುಗಿದಿತ್ತು. ಚಾಂಗ್‌ಆನ್‌ನಲ್ಲಿ ಕುಳಿತು ಬರೆಯುತ್ತಿದ್ದವನ ಪುಟಗಳಲ್ಲಿ ಮಾತ್ರ ಪುಲಕೇಶಿ ಇಂದಿಗೂ ಸಿಂಹಾಸನದ ಮೇಲೆಯೇ ಇದ್ದಾನೆ.

ಇಂಥ ಗ್ರಂಥಗಳ ಸಲುವಾಗಿ ಚೀನೀ ಲಿಪಿಯನ್ನು ಕಷ್ಟಪಟ್ಟು ಕಲಿತವರು ನಮ್ಮ ಪುಣೆಯಲ್ಲಿಯೇ ಇದ್ದರು. ಫರ್ಗ್ಯುಸನ್ ಕಾಲೇಜಿನ ಪ್ರಾಧ್ಯಾಪಕ ವಿ. ವಿ. ಗೋಖಲೆ ಮತ್ತು ಪಿ. ವಿ. ಬಾಪಟ್ ಇವರನ್ನು ಇಲ್ಲಿ ನೆನೆಯಬೇಕು. ಬಾಪಟರು ಜಪಾನಿನ ಹಿರಾಕಾವಾ ಅವರೊಡನೆ ಪಾಲಿಯ ವಿನಯ ವ್ಯಾಖ್ಯಾನವೊಂದರ ಚೀನೀ ರೂಪವನ್ನು ಇಂಗ್ಲಿಷಿಗೆ ತಂದರು. ೧೯೭೦ರಲ್ಲಿ ಭಾಂಡಾರಕರ ಸಂಸ್ಥೆ ಅದನ್ನು ಪ್ರಕಟಿಸಿತು.

ಷೀಆನ್‌ಗೆ ಹೋದವರೆಲ್ಲ ನೋಡುವ ಮಣ್ಣಿನ ಸೈನ್ಯವನ್ನು ಬಿಡಿರೆಂದು ನಾವು ಹೇಳುವುದಿಲ್ಲ. ೧೯೭೪ರಲ್ಲಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಸಿಕ್ಕಿದ ಸೈನ್ಯವಿದು, ಕ್ರಿ. ಪೂ. ೨೧೦ರಲ್ಲಿ ಸತ್ತ ಚಕ್ರವರ್ತಿಯ ಸಮಾಧಿಗೆ ಕಾವಲು. ಒಟ್ಟು ೮,೦೦೦ದಷ್ಟು ಆಳುಗಳಿರಬಹುದೆಂದು ಅಂದಾಜು. ಜನಜಂಗುಳಿಗೆ ಅಂಜುವವರು ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಸಂಜೆಗೆ ಊರಿನ ಹಳೆಯ ಕೋಟೆಯ ಮೇಲೆ ಬಾಡಿಗೆಯ ಸೈಕಲ್ ತುಳಿಯಬಹುದು. ಸುತ್ತಳತೆ ೧೩ ಕಿಲೋಮೀಟರಿಗೂ ಮೇಲೆ. ಸೈಕಲ್ಲಿನ ಊರೆಂದು ಒಮ್ಮೆ ಹೆಸರಾಗಿದ್ದ ಪುಣೆಯವರಿಗೆ ಇದನ್ನು ಬೇರೆ ಹೇಳಿಕೊಡಬೇಕೆ?

ಷೀಆನ್‌ನಿಂದ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗೆ ಲೋಯಾಂಗ್ ಸಿಕ್ಕುತ್ತದೆ. ಇಲ್ಲಿಯ ಲಾಂಗ್‌ಮೆನ್ ಗುಹೆಗಳಲ್ಲಿ ವೈರೋಚನ ಬುದ್ಧನ ಕುಳಿತ ಮೂರ್ತಿಯೊಂದಿದೆ. ಎತ್ತರ ೧೭ ಮೀಟರಿಗೆ ಸ್ವಲ್ಪ ಮೇಲೆ, ಎಂದರೆ ಸುಮಾರು ೫೬ ಅಡಿ. ಬೆಳ್ಗೊಳದ ಗೊಮ್ಮಟನಿಗೂ ಇವನಿಗೂ ಎತ್ತರದಲ್ಲಿ ಹೆಚ್ಚೆಂದರೆ ಒಂದೆರಡು ಅಡಿಯ ಅಂತರ! ಆದರೆ ಗೊಮ್ಮಟನು ಬೆಟ್ಟದ ತುದಿಯಲ್ಲಿ ಎಲ್ಲ ದಿಕ್ಕಿಗೂ ಬಯಲಾಗಿ ನಿಂತಿದ್ದಾನೆ. ಈತನು ಬಂಡೆಗೆ ಬೆನ್ನು ಕೊಟ್ಟು ಕೆಳಗಿನ ನದಿಯನ್ನು ನೋಡುತ್ತಾನೆ. ವೈರೋಚನನು ಮುಗಿದದ್ದು ೬೭೫ರಲ್ಲಿ, ಗೊಮ್ಮಟನು ೯೮೧ರಲ್ಲಿ. ಈ ಊರಿನ ಬಿಳಿಗುದುರೆಯ ದೇವಾಲಯವು ಚೀನಾಕ್ಕೆ ಬಂದ ಮೊದಲ ಭಾರತೀಯ ಭಿಕ್ಷುಗಳ ಹೆಸರಿನದು. ಅದರ ಆವರಣದಲ್ಲಿ ಸಾಂಚಿಯ ಮಾದರಿಯಲ್ಲಿ ಭಾರತ ಕಟ್ಟಿಸಿಕೊಟ್ಟ ಮಂದಿರವನ್ನು ೨೦೧೦ರಲ್ಲಿ ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಉದ್ಘಾಟಿಸಿದರು.

ಬೀಜಿಂಗಿನ ವಿಷಯವಾಗಿ ಎಲ್ಲ ಪುಸ್ತಕಗಳಲ್ಲೂ ಬರೆದಿರುವುದರಿಂದ ಹೆಚ್ಚು ಹೇಳುವುದಿಲ್ಲ. ೧೪೨೦ರಲ್ಲಿ ಮುಗಿದ ಅರಮನೆಗೆ ಸೋಮವಾರ ರಜೆ. ಟಿಕೆಟ್ಟನ್ನು ಪಾಸ್‌ಪೋರ್ಟಿನ ಸಂಖ್ಯೆ ಕೊಟ್ಟು ಮುಂಚಿತವಾಗಿಯೇ ಪಡೆಯಬೇಕು. ಮಹಾಗೋಡೆಯನ್ನು ಬಾದಾಲಿಂಗಿನಲ್ಲಿ ನೋಡುವುದಕ್ಕಿಂತ ಮುತಿಯೆನ್ಯು ಎಂಬಲ್ಲಿ ನೋಡುವುದು ಒಳ್ಳೆಯದು. ಜನ ಕಡಿಮೆ, ಮೊಣಕಾಲು ನೋವಿನವರಿಗೆ ತೂಗುರಥದ ಅನುಕೂಲವೂ ಉಂಟು.

ಬೀಜಿಂಗಿನಲ್ಲಿ ಒಂದು ದಿನ ಉಳಿಸಿಕೊಂಡು ಷಿಜಿಯಾಜುವಾಂಗ್‌ಗೆ ಹೋಗಿಬನ್ನಿರೆಂದು ನಾವು ಒತ್ತಿ ಹೇಳುತ್ತೇವೆ. ವೇಗದ ರೈಲಿಗೆ ಗಂಟೆಯ ಮೇಲೆ ಸ್ವಲ್ಪ ಹೊತ್ತಿನ ದಾರಿ. ಪ್ರವಾಸ ಕಂಪನಿಗಳ ಪಟ್ಟಿಯಲ್ಲಿ ಈ ಊರು ಕಾಣುವುದು ಅಪರೂಪ. ಅಲ್ಲಿಯ ಹುತಾತ್ಮರ ಉದ್ಯಾನದಲ್ಲಿ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರ ಸಮಾಧಿಯಿದೆ. ಕನ್ನಡ, ಮರಾಠಿ, ತೆಲುಗು ಮೂರೂ ಒಂದೇ ಓಣಿಯಲ್ಲಿ ಕೇಳಿಬರುವ ಆ ಸೊಲ್ಲಾಪುರದಲ್ಲಿ ೧೯೧೦ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ವೈದ್ಯಕೀಯ ಕಲಿತು, ೧೯೩೮ರಲ್ಲಿ ಕಾಂಗ್ರೆಸ್ ಕಳಿಸಿದ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದವರು ಅವರು. ಜಪಾನಿನ ದಾಳಿಯಲ್ಲಿ ಗಾಯಗೊಂಡವರ ಶುಶ್ರೂಷೆ ತಂಡದ ಕೆಲಸ. ಉಳಿದ ನಾಲ್ವರು ಮರಳಿದರು. ಕೋಟ್ನೀಸರು ಬೆಥೂನ್ ಆಸ್ಪತ್ರೆಯ ಮುಖ್ಯಸ್ಥರಾಗಿ ಅಲ್ಲಿಯೇ ಉಳಿದು, ಚೀನೀ ಭಾಷೆ ಕಲಿತು, ೧೯೪೧ರಲ್ಲಿ ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದರು. ಮಗನಿಗೆ ಇನ್‌ಹುವಾ ಎಂದು ಹೆಸರಿಟ್ಟರು: ‘ಇನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನಾ. ಕೂಸಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ೧೯೪೨ರ ಡಿಸೆಂಬರ್ ೯ರಂದು ಅಪಸ್ಮಾರದಿಂದ ತೀರಿಕೊಂಡರು. ಆಗ ವಯಸ್ಸು ೩೨.

ಶಾಂತಾರಾಮರು ೧೯೪೬ರಲ್ಲಿ ಈ ಕಥೆಯನ್ನು ಚಿತ್ರವಾಗಿ ತೆಗೆದು ತಾವೇ ಕೋಟ್ನೀಸರ ಪಾತ್ರ ಮಾಡಿದರು. ಅವರು ಮೊದಲು ದುಡಿದ ಪ್ರಭಾತ ಕಂಪನಿಯ ಸ್ಥಳದಲ್ಲಿಯೇ ಇಂದು ನಮ್ಮ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಚೀನಾದ ನಾಯಕರು ಭಾರತಕ್ಕೆ ಬಂದಾಗ ಕೋಟ್ನೀಸರ ಮನೆಯವರನ್ನು ಕಾಣುವ ಪದ್ಧತಿ ಬಹುಕಾಲ ನಡೆದುಬಂತು. ರಾಜಕಾರಣದಲ್ಲಿ ಇಂಥ ಭೇಟಿಗಳಿಗೆ ಬೇರೆ ಅರ್ಥಗಳೂ ಇರುತ್ತವೆ, ನಾವು ಬಲ್ಲೆವು. ಆದರೆ ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬಕ್ಕೆ, ನಮ್ಮ ಪಿತೃಪಕ್ಷದಂಥ ದಿನದಲ್ಲಿ, ಆ ಸಮಾಧಿಯ ಮೇಲೆ ಹೂವಿಡುವ ಊರಿನವರಿಗೆ ಯಾವ ರಾಜಕಾರಣವಿದೆ? ಸೊಲ್ಲಾಪುರದಲ್ಲಿ ಅವರ ಮನೆಯನ್ನು ಸ್ಮಾರಕ ಮಾಡಿದ್ದಾರೆ. ಪುಣೆಯಿಂದ ೨೫೦ ಕಿಲೋಮೀಟರು. ನಮ್ಮಲ್ಲಿ ಎಷ್ಟು ಜನ ಅದನ್ನು ನೋಡಿದ್ದೇವೆ?

ಹಳ್ಳಿಗಾಡು ನೋಡಬೇಕಾದರೆ ದಕ್ಷಿಣಕ್ಕೆ, ಗುಯಿಲಿನ್ ಕಡೆಗೆ ಹೋಗಬೇಕು. ಅಲ್ಲಿಂದ ಯಾಂಗ್‌ಷುವೊವರೆಗೆ ಲೀ ನದಿಯ ಎರಡೂ ದಡಗಳಲ್ಲಿ ಸುಣ್ಣಕಲ್ಲಿನ ಕೋಡುಗಲ್ಲುಗಳು ಸಾಲುಗಟ್ಟಿ ನಿಂತಿವೆ. ನಮ್ಮ ಯಾಣದ ಬಂಡೆಗಳನ್ನು ಹಸುರು ಹೊದಿಸಿ ನೂರಾರು ಮಾಡಿ ನದಿಯುದ್ದಕ್ಕೂ ನಿಲ್ಲಿಸಿದರೆ ಹೇಗಿದ್ದೀತೋ ಹಾಗೆ. ಚೀನಾದ ೨೦ ಯುವಾನ್ ನೋಟಿನ ಹಿಂಬದಿಯ ಚಿತ್ರ ಇಲ್ಲಿಯದೇ. ನೀರುಕಾಗೆಗಳಿಂದ ಮೀನು ಹಿಡಿಸುವವರು ಈಗ ಬಹುಮಟ್ಟಿಗೆ ಫೋಟೋಕ್ಕಾಗಿ ನಿಲ್ಲುವವರು. ಅದಕ್ಕೆ ಹಣ ತೆರುವುದು ನಮಗೆ ರುಚಿಸದು. ಅದಕ್ಕಿಂತ ಲಾಂಗ್‌ಷೆಂಗಿನ ಗುಡ್ಡಗಳಲ್ಲಿ ರೈತರು ತಲೆಮಾರುಗಳಿಂದ ಕಡಿದು ಮಾಡಿದ ಮೆಟ್ಟಿಲು ಗದ್ದೆಗಳು ಮೇಲು. ಮೇ-ಜೂನಿನಲ್ಲಿ ನೀರು ತುಂಬಿ ಕನ್ನಡಿಯಂತಿರುತ್ತವೆ, ಅಕ್ಟೋಬರಿನಲ್ಲಿ ಪೈರು ಹಣ್ಣಾಗಿ ಹೊಂಬಣ್ಣ.

ಇನ್ನು ಊಟ. ನಮ್ಮ ಗೃಹಿಣಿಯರ ಮೊದಲ ಪ್ರಶ್ನೆಯೇ ಇದು. ‘ವೊ ಛೀ ಸು’ ಎಂದರೆ ನಾನು ಸಸ್ಯಾಹಾರಿ ಎಂದರ್ಥ; ಸ್ವರ ತಪ್ಪಿದರೆ ಅರ್ಥವಾಗದು, ಆದ್ದರಿಂದ ಚೀನೀ ಅಕ್ಷರದಲ್ಲಿ ಬರೆಸಿದ ಚೀಟಿ ಜೊತೆಗಿರಲಿ. ದೊಡ್ಡ ಬೌದ್ಧ ದೇವಾಲಯಗಳ ಬಳಿ ಶುದ್ಧ ಸಸ್ಯಾಹಾರದ ಊಟದ ಮನೆಗಳುಂಟು. ಉಳ್ಳಾಗಡ್ಡಿ, ಬಳ್ಳೊಳ್ಳಿ ಕೂಡ ಹಾಕುವುದಿಲ್ಲವಾದ್ದರಿಂದ ನಮ್ಮ ಮಡಿವಂತ ಅಜ್ಜಿಯರೂ ಆಕ್ಷೇಪಿಸಲಾರರು. ರೈಲು, ನಿಲ್ದಾಣ ಎಲ್ಲೆಡೆ ಕುದಿನೀರಿನ ನಲ್ಲಿ ಇರುವುದರಿಂದ ಅವಲಕ್ಕಿ, ಚಟ್ನಿಪುಡಿ ಒಯ್ದವರಿಗೆ ಹಸಿವೆಯ ಭಯವಿಲ್ಲ. ಅಂಗಡಿಗಳಲ್ಲಿ ಹಣವೆಲ್ಲ ಫೋನಿನ ಮೂಲಕವೇ ಕೈ ಬದಲಾಗುತ್ತದೆ. ಅಲಿಪೇ ಅಥವಾ ವೀಚಾಟ್‌ಗೆ ನಮ್ಮ ಕಾರ್ಡನ್ನು ಹೊರಡುವ ಮೊದಲೇ ಜೋಡಿಸಿಕೊಳ್ಳಬೇಕು. ಗೂಗಲ್ಲಿನ ನಕಾಶೆ ಅಲ್ಲಿ ನಡೆಯದು. ಅಕ್ಟೋಬರ್ ೧ರಿಂದ ಒಂದು ವಾರ ಇಡೀ ದೇಶಕ್ಕೆ ರಜೆಯಾದ್ದರಿಂದ ರೈಲಿನಲ್ಲಿ ಜಾಗ ಸಿಕ್ಕುವುದು ದುರ್ಲಭ. ದಸರೆಯ ರಜೆ ಆ ವಾರಕ್ಕೆ ಕೂಡಿಬಂದರೆ, ಮಕ್ಕಳು ಎಷ್ಟು ಹಟ ಹಿಡಿದರೂ ದೀಪಾವಳಿಯ ರಜೆಗೆ ಮುಂದೂಡುವುದು ಲೇಸು.