ಖೋಲಿಯ ದುರಸ್ತಿ: ಸುತ್ತಿಗೆ ಎತ್ತುವ ಮುನ್ನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಗ್ರಾಂಟ್ ರೋಡಿನ ಹಳೆಯ ಚಾಳಿನಲ್ಲಿ ಖೋಲಿಯೊಂದನ್ನು ದುರಸ್ತಿ ಮಾಡಿಸಿ ನೋಡಿರಲಿಲ್ಲ; ನೋಡಿದ್ದರೆ ಗಾದೆಗೆ ಮೂರನೆಯದೊಂದು ಮಾತು ಸೇರುತ್ತಿತ್ತು. ಊರಿನಲ್ಲಿ ಮನೆ ಕಟ್ಟಿಸುವವನಿಗೆ ನೆಲ ತನ್ನದು, ಗೋಡೆ ತನ್ನದು, ಮಾಡೂ ತನ್ನದು. ಇಲ್ಲಿಯಾದರೋ ನಮ್ಮ ನೆಲವೇ ಕೆಳಗಿನವರ ಮಾಡು, ನಮ್ಮ ಮಾಡೇ ಮೇಲಿನವರ ನೆಲ. ನಡುವಣ ಗೋಡೆಯಲ್ಲಿ ನೆರೆಯವರಿಗೂ ಪಾಲುಂಟು. ಗಲ್ಲಾದ ಬಳಿ, ಒಲೆಯ ಎದುರು, ಕಚೇರಿಯ ಮೇಜಿನ ಮುಂದೆ ಹತ್ತಿಪ್ಪತ್ತು ವರ್ಷ ದುಡಿದು ಕೂಡಿಟ್ಟ ಹಣವನ್ನು ಒಂದೇ ತಿಂಗಳಲ್ಲಿ ಕಂಟ್ರಾಕ್ಟರನ ಕೈಗೆ ಒಪ್ಪಿಸುವ ಮುನ್ನ ಪೂರ್ವಸಿದ್ಧತೆಯ ಕುರಿತು ನಾಲ್ಕು ಮಾತು ವಿಚಾರ ಮಾಡುವುದು ಅವಶ್ಯಕ.

ಹೋಟೆಲು ನಡೆಸಿದವರೆಲ್ಲರೂ ಬಲ್ಲ ವಿಷಯವೊಂದಿದೆ. ಬೆಳಗಿನ ಇಡ್ಲಿಯ ಯೋಗ್ಯತೆ ಹಿಂದಿನ ದಿನ ಅಕ್ಕಿ ಉದ್ದು ನೆನೆಹಾಕುವಾಗಲೇ ನಿರ್ಧಾರವಾಗುತ್ತದೆ. ಹಬೆಯ ಪಾತ್ರೆಗೆ ಇಟ್ಟ ಮೇಲೆ ಮಾಡತಕ್ಕ ತಿದ್ದುಪಡಿ ಏನೂ ಉಳಿಯುವುದಿಲ್ಲ. ಮನೆಯ ದುರಸ್ತಿಯೂ ಅಂತಹುದೇ. ಗೋಡೆಗೆ ಮೊದಲ ಪೆಟ್ಟು ಬಿದ್ದ ಬಳಿಕ ಮಾತು ಕಂಟ್ರಾಕ್ಟರನದು. ಅದಕ್ಕೆ ಮೊದಲು ಮಾತ್ರ ನಮ್ಮದು.

ಮೊದಲನೆಯದಾಗಿ, ಕಟ್ಟಡದ ಜಾತಕವನ್ನು ತಿಳಿಯಬೇಕು. ಈ ಭಾಗದ ಹಳೆಯ ಕಟ್ಟಡಗಳಲ್ಲಿ ಹೆಚ್ಚಿನವು ಸೆಸ್ಸು ತೆರುವಂಥವು. 1940ರ ಸೆಪ್ಟೆಂಬರ್ 1ಕ್ಕಿಂತ ಹಿಂದೆ ಕಟ್ಟಿದವು ‘ಎ’ ವರ್ಗ. ಅಲ್ಲಿಂದ 1950ರ ಅಂತ್ಯದವರೆಗಿನವು ‘ಬಿ’. 1951ರಿಂದ 1969ರ ಸೆಪ್ಟೆಂಬರ್ 30ರ ತನಕದವು ‘ಸಿ’. ಇವುಗಳ ಮೂಲರಚನೆಯ ದುರಸ್ತಿ ಮ್ಹಾಡಾದ ಕಟ್ಟಡ ದುರಸ್ತಿ ಮತ್ತು ಪುನರ್ರಚನಾ ಮಂಡಳಿಗೆ ಸಂಬಂಧಿಸಿದ್ದು. ಮಳೆಗಾಲಕ್ಕೆ ಮುಂಚಿತವಾಗಿ ಮಂಡಳಿಯು ಅತಿ ಅಪಾಯಕಾರಿ ಕಟ್ಟಡಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ನಮ್ಮ ಕಟ್ಟಡ ಆ ಪಟ್ಟಿಯಲ್ಲಿದ್ದರೆ, ಅಥವಾ ಪುನರ್ನಿರ್ಮಾಣದ ಮಾತುಕತೆ ಮುಂದುವರಿದಿದ್ದರೆ, ಅಮೃತಶಿಲೆ ಹಾಸುವ ಹಣ ನೀರಿನಲ್ಲಿ ಹೋಮ ಮಾಡಿದಂತೆಯೇ ಸರಿ. ಭಯ ಕಲ್ಪಿತವಲ್ಲ. 2024ರ ಜುಲೈ 20ರಂದು ಗ್ರಾಂಟ್ ರೋಡ್ ರೈಲು ನಿಲ್ದಾಣದ ಸಮೀಪದಲ್ಲೇ ಹಳೆಯ ಕಟ್ಟಡವೊಂದರ ಬಾಲ್ಕನಿಯ ಭಾಗ ಕುಸಿದು ವೃದ್ಧೆಯೊಬ್ಬರು ಪ್ರಾಣ ಕಳೆದುಕೊಂಡರು.

ಎರಡನೆಯದು ಪಗಡಿಯ ಖೋಲಿಯಲ್ಲಿರುವವರ ಹಕ್ಕಿನ ಪ್ರಶ್ನೆ. ಎಷ್ಟೇ ಪಗಡಿ ಕೊಟ್ಟಿದ್ದರೂ ಕಾನೂನಿನ ದೃಷ್ಟಿಯಲ್ಲಿ ನಾವು ಬಾಡಿಗೆದಾರರೇ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 16ನೇ ಕಲಮಿನ ಪ್ರಕಾರ, ಮಾಲಿಕನ ಲಿಖಿತ ಒಪ್ಪಿಗೆಯಿಲ್ಲದೆ ಶಾಶ್ವತ ರಚನೆಯೊಂದನ್ನು ನಿರ್ಮಿಸಿದ ಬಾಡಿಗೆದಾರನನ್ನು ತೆರವುಗೊಳಿಸಲು ಮಾಲಿಕನು ನ್ಯಾಯಾಲಯಕ್ಕೆ ಹೋಗಬಹುದು. ಮರದ ಅಡ್ಡಗೋಡೆ, ನಿಂತು ಅಡಿಗೆ ಮಾಡುವ ಕಟ್ಟೆ, ಬಾಗಿಲು, ಗಾಳಿಗೆ ಬೇಕಾದ ಕಿಟಕಿ, ಫಾಲ್ಸ್ ಸೀಲಿಂಗ್, ಹೊಗೆಯ ಚಿಮಣಿ ಮುಂತಾದವು, ಅಗತ್ಯವಿದ್ದಲ್ಲಿ ಪಾಲಿಕೆಯ ಅನುಮತಿ ಪಡೆದು ಮಾಡಿದವಾದರೆ, ಶಾಶ್ವತ ರಚನೆ ಎನಿಸುವುದಿಲ್ಲವೆಂದು ಅದೇ ಕಲಮು ಸ್ಪಷ್ಟಪಡಿಸುತ್ತದೆ. ಇಟ್ಟಿಗೆಯ ಗೋಡೆ ಎಬ್ಬಿಸುವವನೂ ಕಾಂಕ್ರೀಟಿನ ಅಟ್ಟ ಹಾಕಿಸುವವನೂ ಈ ಭೇದವನ್ನು ಮೊದಲೇ ಅರಿಯಬೇಕು. ಐದು ಸಾವಿರದ ಗೋಡೆಗಾಗಿ ಖೋಲಿಯ ಹಕ್ಕನ್ನೇ ಪಣಕ್ಕೆ ಒಡ್ಡುವುದು ಜಾಣತನವಲ್ಲ. ಮಾಲಿಕನ ಗುಮಾಸ್ತೆಯು ‘ಮಾಡಿಕೊಳ್ಳಿ, ನಾನಿದ್ದೇನೆ’ ಎಂದು ತಲೆಯಾಡಿಸಿದರೆ ಅದು ಒಪ್ಪಿಗೆಯಲ್ಲ. ಸಹಿ ಬಿದ್ದ ಕಾಗದವೇ ಒಪ್ಪಿಗೆ.

ಪಾಲಿಕೆಯ ನಿಯಮವೂ ಇದೆ. 1888ರ ಮುಂಬಯಿ ಮಹಾನಗರಪಾಲಿಕೆ ಕಾಯಿದೆಯ 342ನೇ ಕಲಮಿನ ಮೇರೆಗೆ ಕಟ್ಟಡದ ರಚನೆಯನ್ನು ಮಾರ್ಪಡಿಸುವವರು ಮೊದಲು ಪಾಲಿಕೆಗೆ ತಿಳಿಸತಕ್ಕದ್ದು. ಸುಣ್ಣಬಣ್ಣ, ಗಿಲಾವಿನ ತೇಪೆಯಂತಹ ಸಾಮಾನ್ಯ ದುರಸ್ತಿಗೆ ಈ ಬಂಧನವಿಲ್ಲ. ನಮ್ಮ ಕೆಲಸ ಯಾವ ಪಂಕ್ತಿಗೆ ಸೇರಿದ್ದೆಂದು ಸಂದೇಹವಾದರೆ ನಾನಾ ಚೌಕದಲ್ಲಿರುವ ಡಿ ವಾರ್ಡ್ ಕಚೇರಿ ನಡೆದು ಹೋಗುವಷ್ಟೇ ದೂರ.

ಇನ್ನು ಭಾರದ ಲೆಕ್ಕ. ಹಳೆಯ ಚಾಳುಗಳಲ್ಲಿ ಅನೇಕವು ಸಾಗುವಾನಿ ತೊಲೆ ಜಂತಿಗಳ ಮೇಲೆ ನಿಂತಿವೆ. ಹತ್ತು ಅಡಿ ಉದ್ದ, ಹತ್ತು ಅಡಿ ಎತ್ತರದ ನಾಲ್ಕೂವರೆ ಅಂಗುಲ ದಪ್ಪದ ಇಟ್ಟಿಗೆ ಗೋಡೆಯೊಂದು ಗಿಲಾವನ್ನು ಬಿಟ್ಟೇ ಸುಮಾರು ಎರಡು ಟನ್ ತೂಗುತ್ತದೆ. ಹತ್ತಕ್ಕೆ ಹನ್ನೆರಡು ಅಡಿಯ ಖೋಲಿಯಲ್ಲಿ ಹಳೆಯ ಲಾದಿಗಳನ್ನು ಕೀಳದೆ ಅವುಗಳ ಮೇಲೆಯೇ ಎರಡು ಅಂಗುಲ ಗಾರೆ ಹರಡಿ ಹೊಸ ಲಾದಿ ಹಾಕಿದರೆ ಇನ್ನೊಂದು ಟನ್ನಿಗೂ ಮಿಕ್ಕಿದ ಭಾರ ಕೂಡುತ್ತದೆ. ಅಟ್ಟದ ಮೇಲಿನ 500 ಲೀಟರಿನ ಟಾಕಿಯಲ್ಲಿ ನೀರೊಂದೇ ಐದು ಕ್ವಿಂಟಾಲು! ‘ಎಲ್ಲರೂ ಹೀಗೆಯೇ ಮಾಡಿಸುತ್ತಾರೆ ಸೇಠ್’ ಎಂಬ ಕಂಟ್ರಾಕ್ಟರನ ಸಮಾಧಾನವನ್ನು ಜಂತಿಯು ಕೇಳಿಸಿಕೊಳ್ಳುವುದಿಲ್ಲ. 2017ರ ಜುಲೈ 25ರಂದು ಘಾಟ್ಕೋಪರಿನಲ್ಲಿ ನಾಲ್ಕಂತಸ್ತಿನ ಕಟ್ಟಡವೊಂದು ಉರುಳಿ 17 ಜನ ಮಡಿದರು. ತಳ ಅಂತಸ್ತಿನ ನವೀಕರಣದಲ್ಲಿ ಕಂಬಗಳಿಗೆ ಕೈಹಚ್ಚಿದ್ದೇ ಕಾರಣವೆಂಬ ಆರೋಪ ಅಂದು ಬಂದಿತು. ಆದುದರಿಂದ ಗೋಡೆ ತೆಗೆಯುವ, ಮೋರಿಯ ಜಾಗ ಬದಲಿಸುವ, ಅಟ್ಟ ಏರಿಸುವ ಯಾವ ಯೋಜನೆಯನ್ನಾಗಲಿ ಪರವಾನಗಿಯುಳ್ಳ ಸ್ಟ್ರಕ್ಚರಲ್ ಇಂಜಿನಿಯರರಿಗೆ ತೋರಿಸಿ ಅವರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಬೇಕು. ಅವರಿಗೆ ಕೊಡುವ ಶುಲ್ಕ ಇಡೀ ಖರ್ಚಿನಲ್ಲಿ ಅತ್ಯಂತ ಸಾರ್ಥಕವಾದದ್ದು.

ಇಷ್ಟಾದ ಮೇಲೆ ಕಂಟ್ರಾಕ್ಟರನನ್ನು ಕರೆಯುವುದು. ಮೂವರಿಂದ ಅಂದಾಜುಪಟ್ಟಿ ತರಿಸಿರಿ. ಆದರೆ ಮೂವರಿಗೂ ಒಂದೇ ಕೆಲಸದ ಯಾದಿಯನ್ನು ಕೊಡಿರಿ. ಒಬ್ಬನು ಗಿಲಾವು ಸೇರಿಸಿ, ಇನ್ನೊಬ್ಬನು ಬಿಟ್ಟು ದರ ಹೇಳಿದರೆ ಹೋಲಿಕೆಗೆ ಅರ್ಥವಿಲ್ಲ. ‘ಒಟ್ಟು ಇಷ್ಟು’ ಎಂಬ ಒಂದು ಸಾಲಿನ ಚೀಟಿಯನ್ನು ಒಪ್ಪಕೂಡದು. ಲಾದಿ ಎಷ್ಟು ಚದರ ಅಡಿ, ಯಾವ ಕಂಪೆನಿಯದು, ನಳಿಗೆ ಎಷ್ಟು ಉದ್ದ, ವಯರು ಯಾವ ಗೇಜಿನದು, ಬಣ್ಣ ಎಷ್ಟು ಕೈ ಎಂಬುದೆಲ್ಲ ಬೇರೆಬೇರೆಯಾಗಿ ಬರೆದಿರಬೇಕು. ಮರಳು ಜಲ್ಲಿಗಳನ್ನು ಮುಂಬಯಿಯಲ್ಲಿ ‘ಬ್ರಾಸ್’ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಬ್ರಾಸೆಂದರೆ 100 ಘನ ಅಡಿ. ಬಾಗಿಲು ಕಿಟಕಿಗಳ ಜಾಗವನ್ನು ಗಿಲಾವಿನ ಅಳತೆಯಿಂದ ಕಳೆಯುವರೇ, ಜಿ.ಎಸ್.ಟಿ. ದರದೊಳಗೆ ಸೇರಿದೆಯೇ, ಭಗ್ನಾವಶೇಷವನ್ನು ಸಾಗಿಸುವವರು ಯಾರು, ಕಳಚಿದ ಹಳೆಯ ಸಾಗುವಾನಿ ಬಾಗಿಲೂ ಹಿತ್ತಾಳೆಯ ನಲ್ಲಿಯೂ ಯಾರಿಗೆ ಸೇರತಕ್ಕವು ಎಂಬುದನ್ನೂ ಮೊದಲೇ ತೀರ್ಮಾನಿಸಿರಿ. ಜಗಳಗಳೆಲ್ಲ ಹುಟ್ಟುವುದು ಇಂತಹ ಸಣ್ಣ ವಿಷಯಗಳಿಂದಲೇ.

ಅವನು ಹಿಂದೆ ಮಾಡಿದ ಎರಡು ಕೆಲಸಗಳನ್ನು ಕಣ್ಣಾರೆ ನೋಡಿ ಬರಬೇಕು. ನಿನ್ನೆ ಮುಗಿದದ್ದನ್ನಲ್ಲ, ಒಂದು ಮಳೆಗಾಲ ಕಂಡದ್ದನ್ನು. ಆ ಮನೆಯವರನ್ನು ಒಂದೇ ಪ್ರಶ್ನೆ ಕೇಳಿದರೆ ಸಾಕು: ಕೊನೆಯ ಕಂತು ಕೊಟ್ಟ ಮೇಲೆ ಇವನು ಕರೆದರೆ ಬಂದನೇ?

ಹಣವನ್ನು ಕೆಲಸದ ಹಿಂದೆ ನಡೆಸಬೇಕೇ ಹೊರತು ಮುಂದೆ ಅಲ್ಲ. ಮುಂಗಡ ಐದನೆಯ ಒಂದು ಪಾಲನ್ನು ಮೀರದಿರಲಿ. ಅನಂತರದ ಕಂತುಗಳು ತಾರೀಖಿಗಲ್ಲ, ಮುಗಿದ ಕೆಲಸಕ್ಕೆ ಗಂಟುಬಿದ್ದಿರಲಿ: ಒಡೆದು ಸಾಗಿಸಿದ ಮೇಲೆ ಒಂದು, ನಳಿಗೆ ವಯರು ಮುಗಿದ ಮೇಲೆ ಒಂದು, ಲಾದಿಯ ಮೇಲೆ ಒಂದು. ಹತ್ತನೆಯ ಒಂದು ಭಾಗವನ್ನು ಕೆಲಸ ಮುಗಿದು ತಿಂಗಳಾಗುವವರೆಗೆ ತಡೆಹಿಡಿಯುವ ಮಾತು ಕರಾರಿನಲ್ಲೇ ಇರಲಿ. ನಡುವೆ ಹೊಸ ಕೆಲಸ ಹೇಳಿದರೆ ಅದರ ದರವನ್ನು ಬರೆದು ಇಬ್ಬರೂ ಸಹಿ ಹಾಕಿದ ನಂತರವೇ ಕೈಹಚ್ಚಬೇಕು. ಮೋರಿಗೆ ಲಾದಿ ಕೂರಿಸುವ ಮುನ್ನ ನೀರು ನಿಲ್ಲಿಸಿ ಒಂದೆರಡು ದಿನ ಪರೀಕ್ಷಿಸುವ ಷರತ್ತನ್ನು ಮರೆಯಲಾಗದು. ಇದೊಂದನ್ನು ಬಿಟ್ಟರೆ ಕೆಳಗಿನ ಮನೆಯವರ ಒದ್ದೆ ಮಾಡು ವರ್ಷಾನುಗಟ್ಟಲೆ ನಮ್ಮನ್ನು ಶಪಿಸುತ್ತಿರುತ್ತದೆ.

ಕೆಳಗಿನವರ ಮಾತು ಬಂದದ್ದರಿಂದ ಹೇಳುವುದು: ಆರಂಭಕ್ಕೆ ಒಂದು ವಾರ ಮೊದಲು ಮೇಲೆ, ಕೆಳಗೆ, ಅಕ್ಕಪಕ್ಕದ ನಾಲ್ಕೂ ಮನೆಗಳಿಗೆ ಹೋಗಿ ದಿನವನ್ನೂ ವೇಳೆಯನ್ನೂ ತಿಳಿಸಿರಿ. ಅವರ ಗೋಡೆ ಮಾಡುಗಳಲ್ಲಿ ಈಗಾಗಲೇ ಇರುವ ಬಿರುಕುಗಳ ಫೋಟೋವನ್ನು ಅವರೆದುರೇ ತೆಗೆದಿಡಿರಿ. ಮುಂದೆ ಇಬ್ಬರಿಗೂ ಅದೇ ಸಾಕ್ಷಿ. ನಮ್ಮ ಚಾಳುಗಳಲ್ಲಿ ರಾತ್ರಿಪಾಳಿ ಮುಗಿಸಿ ಹಗಲು ಮಲಗುವ ಹೋಟೆಲು ಕಾರ್ಮಿಕರು ಇದ್ದಾರೆ. ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಒಡೆಯುವ ಕೆಲಸವನ್ನು ಅದಕ್ಕೆ ತಕ್ಕ ವೇಳೆಯಲ್ಲಿ ಇಟ್ಟುಕೊಂಡರೆ ಒಂದು ಕಾಸೂ ಹೆಚ್ಚಾಗದು. ರಾಶಿ ಬಿದ್ದ ಇಟ್ಟಿಗೆ ಚೂರನ್ನು ಜಿನೆಯ ಮೇಲೆ ಬಿಡದೆ ಅದೇ ದಿನ ಚೀಲಕ್ಕೆ ತುಂಬಿಸಿರಿ. ಮಳೆಗಾಲದ ನಾಲ್ಕು ತಿಂಗಳು ಇಂತಹ ಕಾರ್ಯಕ್ಕೆ ಯೋಗ್ಯವಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಸಿದ್ಧತೆಗೆ ಹೆಚ್ಚೆಂದರೆ ಮೂರು ಭಾನುವಾರ ಸಾಕು. ಸಾಲದ ಕಂತು ಮಾತ್ರ ಮೂರು ವರ್ಷ ನಡೆಯುತ್ತದೆ; ಕೆಟ್ಟ ಕೆಲಸದ ಫಲ ಅದಕ್ಕೂ ಹೆಚ್ಚು. ಪರಸ್ಥಳದಲ್ಲಿ ನಾಲ್ಕು ಗೋಡೆಗಳನ್ನು ಸಂಪಾದಿಸಲು ನಮ್ಮವರು ಪಟ್ಟ ಪಾಡು ಸಾಮಾನ್ಯವಲ್ಲ. ಆ ಗೋಡೆಗಳನ್ನು ಚಂದಗೊಳಿಸುವ ಆಶೆ ನ್ಯಾಯವಾದದ್ದೇ. ಆದರೆ ಅವು ಯಾವುದನ್ನು ಹೊತ್ತು ನಿಂತಿವೆಯೆಂದು ತಿಳಿದ ಮೇಲೆಯೇ ಸುತ್ತಿಗೆ ಮೇಲೇಳಲಿ.