ಅಂಚಿನ ನಕ್ಷತ್ರಕ್ಕೆ ಬಾಲ ಯಾಕೆ?

ನ್ಯೂಟೋನಿಯನ್ ಟೆಲಿಸ್ಕೋಪಿಗೆ ಕ್ಯಾಮೆರಾ ಸಿಕ್ಕಿಸಿ ನಾವು ಕೃತ್ತಿಕೆಯ ಫೋಟೋ ತೆಗೆದರೆ ನಡುವಿನ ನಕ್ಷತ್ರಗಳು ಚುಕ್ಕಿಯಂತೆ ಇರ್ತವೆ, ಮೂಲೆಯವಕ್ಕೆ ಮಾತ್ರ ಬಾಲ! ಫೋಕಸ್ ತಿರುಗಿಸೋ ಮೊದಲು ಬಾಲದ ದಿಕ್ಕು ನೋಡೋಣ. ಎಲ್ಲವೂ ಒಂದೇ ಕಡೆ ಎಳೆದಂತಿದ್ದರೆ ಟ್ರ್ಯಾಕಿಂಗ್ ಸರಿಯಿಲ್ಲ. ನಡುವಿನಿಂದ ಹೊರಕ್ಕೆ ಚಾಚಿದ್ದರೆ ಅದು ಕೋಮಾ.

ಪ್ಯಾರಾಬೋಲಾ ಕನ್ನಡಿ ತನ್ನ ಅಕ್ಷಕ್ಕೆ ಸಮಾನಾಂತರವಾಗಿ ಬರೋ ಕಿರಣಗಳನ್ನಷ್ಟೇ ಒಂದೇ ಬಿಂದುವಿಗೆ ಸೇರಿಸುತ್ತೆ. ಓರೆಯಾಗಿ ಬಂದವು ಹರಡಿಕೊಳ್ತವೆ. ಕನ್ನಡಿ ಕೆಟ್ಟಿಲ್ಲ, ಅದರ ಜ್ಯಾಮಿತಿಯೇ ಹಾಗೆ. ಸೆನ್ಸರಿನ ಅದೇ ಮೂಲೆಯಲ್ಲಿ ಎಫ್/10ಕ್ಕಿಂತ ಎಫ್/5ರಲ್ಲಿ ಕೋಮಾ 4 ಪಟ್ಟು.

ಸಾಫ್ಟ್‌ವೇರಲ್ಲಿ ಸರಿ ಮಾಡ್ಬಹುದಲ್ಲ ಅಂತೀರಾ? ಡಿಸ್ಟಾರ್ಷನ್ ಆದರೆ ಹೌದು, ಅದರಲ್ಲಿ ನಕ್ಷತ್ರದ ಜಾಗ ಮಾತ್ರ ಸರಿದಿರುತ್ತೆ. ಕೋಮಾದಲ್ಲಿ ಬೆಳಕೇ ಚೆಲ್ಲಿರುತ್ತೆ, ಪೂರ್ತಿ ಒಟ್ಟುಮಾಡೋದು ಕಷ್ಟ. ಅದಕ್ಕೆ ಕ್ಯಾಮೆರಾದ ಮುಂದೆ ಕೋಮಾ ಕರೆಕ್ಟರ್ ಲೆನ್ಸ್ ಹಾಕ್ಬೇಕು. ಇಲ್ಲಿ ಅಳತೆಯೇ ಮುಖ್ಯ: ಹಲವು ಕರೆಕ್ಟರ್‌ಗಳಿಗೆ ಸೆನ್ಸರ್ 55 ಮಿ.ಮೀ. ದೂರದಲ್ಲಿರಬೇಕು. ಕ್ಯಾನನ್ ಡಿಎಸ್ಎಲ್ಆರ್ ಒಳಗಿನ 44ಕ್ಕೆ ಟಿ-ರಿಂಗಿನ 11 ಸೇರಿದರೆ ಲೆಕ್ಕ ಸರಿ. ಮಿರರ್‌ಲೆಸ್ ಇದ್ದವರಿಗೆ ಇನ್ನೂ ಉದ್ದದ ಅಡಾಪ್ಟರ್ ಬೇಕಾಗುತ್ತೆ.

ನಟ್ಟನಡುವಿನ ನಕ್ಷತ್ರಕ್ಕೂ ಬಾಲ ಇದೆಯಾ? ಹಾಗಿದ್ರೆ ದುಡ್ಡು ಖರ್ಚು ಮಾಡ್ಬೇಡಿ, ಮೊದಲು ಕನ್ನಡಿಗಳ ಕೊಲಿಮೇಶನ್ ಸರಿಮಾಡಿ.