ಮಣ್ಣು ಮುಚ್ಚುವ ಮೊದಲು ಒಮ್ಮೆ ನೋಡಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಹಳೆಯ ಮಾತು. ಗಲ್ಫ್‌ನಲ್ಲಿ ವರ್ಷಗಟ್ಟಲೆ ದುಡಿದ ಹಣ, ಮಾರಿದ ಚಿನ್ನ, ಬ್ಯಾಂಕಿನ ಸಾಲ ಎಲ್ಲವೂ ಸೇರಿ ಒಂದು ಮನೆ ಏಳುತ್ತದೆ. ನೆಲಕ್ಕೆ ಯಾವ ಟೈಲ್ಸ್, ಅಡುಗೆ ಮನೆಗೆ ಯಾವ ಗ್ರಾನೈಟ್, ಗೋಡೆಗೆ ಯಾವ ಬಣ್ಣ ಎಂದು ನಾವು ತಿಂಗಳುಗಟ್ಟಲೆ ಚರ್ಚಿಸುತ್ತೇವೆ. ಆದರೆ ಇವೆಲ್ಲವನ್ನೂ ಹೊತ್ತು ನಿಲ್ಲುವ ಪಂಚಾಂಗದ ಬಗ್ಗೆ ನಾವೆಷ್ಟು ಕೇಳುತ್ತೇವೆ? ‘ಅದೆಲ್ಲ ಮೇಸ್ತ್ರಿಗೆ ಗೊತ್ತು’ ಎಂದು ಸುಮ್ಮನಾಗುತ್ತೇವೆ.

ಟೈಲ್ಸ್ ಹಿಡಿಸದಿದ್ದರೆ ಮುಂದೊಂದು ದಿನ ಬದಲಾಯಿಸಬಹುದು. ಬಣ್ಣವನ್ನು ಮತ್ತೆ ಬಳಿಯಬಹುದು. ಆದರೆ ಅಡಿಪಾಯ ಒಮ್ಮೆ ಮಣ್ಣಿನಡಿ ಸೇರಿದರೆ ಅದನ್ನು ಮತ್ತೆ ಯಾರೂ ನೋಡುವುದಿಲ್ಲ. ಅದರ ತಪ್ಪು ತಿಳಿಯುವುದು ಗೋಡೆ ಬಿರುಕು ಬಿಟ್ಟಾಗ, ಬಾಗಿಲು ಸರಿಯಾಗಿ ಮುಚ್ಚದಿದ್ದಾಗ, ಇಲ್ಲವೇ ಅದಕ್ಕಿಂತ ದೊಡ್ಡ ಅನಾಹುತ ನಡೆದಾಗ. ಅದಕ್ಕೇ ಈ ಕೆಲಸಕ್ಕೆ ನಿಯಮಗಳಿವೆ. ಗಂಡಸರು ಪರವೂರಿನಲ್ಲಿರುವ ಎಷ್ಟೋ ಮನೆಗಳಲ್ಲಿ ಕೆಲಸದ ಸ್ಥಳದಲ್ಲಿ ನಿಂತು ನೋಡುವವರು ನೀವೇ. ಆ ನಿಯಮಗಳಲ್ಲಿ ಮುಖ್ಯವಾದ ಕೆಲವನ್ನಾದರೂ ನೀವು ತಿಳಿದಿರಬೇಕು.

ಲೈಸೆನ್ಸ್ ಇದ್ದರೆ ಸಾಕೇ?

ಹಳ್ಳಿಯಲ್ಲಿ ಮನೆ ಕಟ್ಟಲು ಗ್ರಾಮ ಪಂಚಾಯತ್‌ನ ಅನುಮತಿ ಬೇಕು, ಪಟ್ಟಣದಲ್ಲಿ ಪುರಸಭೆ ಅಥವಾ ನಗರಪಾಲಿಕೆಯದ್ದು. ಅನುಮತಿ ಸಿಕ್ಕಿತೆಂದರೆ ಎಲ್ಲವೂ ಸರಿಯಾಯಿತು ಎಂದು ಹಲವರು ತಿಳಿಯುತ್ತಾರೆ. ಆದರೆ ಅಲ್ಲಿ ಮುಖ್ಯವಾಗಿ ನೋಡುವುದು ಜಾಗದ ದಾಖಲೆ, ರಸ್ತೆ ಮತ್ತು ಗಡಿಯಿಂದ ಬಿಡಬೇಕಾದ ಅಂತರ, ಮಹಡಿಗಳ ಸಂಖ್ಯೆ ಮುಂತಾದವನ್ನು. ನಿಮ್ಮ ಜಾಗದ ಮಣ್ಣು ಎಷ್ಟು ಭಾರ ತಾಳುತ್ತದೆ ಎಂಬುದನ್ನು ಆ ಕಾಗದ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ನಕ್ಷೆಗೆ ಸಹಿ ಹಾಕುವ ಎಂಜಿನಿಯರ್.

ಎಂಜಿನಿಯರ್‌ಗೆ ಆಧಾರವಾಗಿರುವುದು ಭಾರತೀಯ ಮಾನಕ ಬ್ಯೂರೋದ ನಿಯಮಗಳು. ಅಡಿಪಾಯಕ್ಕೆ ಐಎಸ್ 1904, ಕಾಂಕ್ರೀಟಿಗೆ ಐಎಸ್ 456. ಇವು ದೊಡ್ಡ ಕಟ್ಟಡಗಳಿಗೆ ಮಾತ್ರ ಎಂಬ ಭಾವನೆ ತಪ್ಪು. ಎರಡು ಕೋಣೆಯ ಮನೆಯ ಭಾರವನ್ನೂ ಹೊರಬೇಕಾದದ್ದು ಮಣ್ಣೇ ತಾನೇ?

ಮಣ್ಣು ನೋಡಿ ಪಾಯ

ಎಲ್ಲ ಮಣ್ಣೂ ಒಂದೇ ಅಲ್ಲ. ಕರಾವಳಿಯಲ್ಲಿ ಗಟ್ಟಿ ಮುರಕಲ್ಲಿನ ಮೇಲೆ ಕಟ್ಟಿದ ಮನೆಗೂ, ಗದ್ದೆಗೆ ಮಣ್ಣು ತುಂಬಿಸಿ ಕಟ್ಟಿದ ಮನೆಗೂ ಬಹಳ ವ್ಯತ್ಯಾಸವಿದೆ. ತುಂಬಿಸಿದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಾ ಹೋಗುತ್ತದೆ. ಮನೆಯ ಒಂದು ಭಾಗ ಗಟ್ಟಿ ನೆಲದ ಮೇಲೆ, ಇನ್ನೊಂದು ಭಾಗ ತುಂಬಿಸಿದ ಮಣ್ಣಿನ ಮೇಲೆ ಇದ್ದರಂತೂ ಒಂದು ಕಡೆ ಮಾತ್ರ ಇಳಿದು ಗೋಡೆ ಸೀಳುತ್ತದೆ. ಹೀಗಾಗಿ ತುಂಬಿಸಿದ ಮಣ್ಣನ್ನು ದಾಟಿ ಮೂಲ ಗಟ್ಟಿ ನೆಲ ಸಿಗುವವರೆಗೆ ಪಾಯ ಇಳಿಯಬೇಕು.

ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯ ಎರೆ ಮಣ್ಣಿನ ಸಮಸ್ಯೆಯೇ ಬೇರೆ. ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲ್ಮೇಲೆ ಪಾಯ ಹಾಕಿದರೆ ಮನೆಯೂ ಅದರೊಂದಿಗೆ ಏಳುತ್ತದೆ, ಇಳಿಯುತ್ತದೆ. ಇಂತಹ ಮಣ್ಣಿಗಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೇರೊಂದು ವಿಧಾನವನ್ನು ರೂಪಿಸಿದೆ. ನೆಲದೊಳಗೆ ಆಳಕ್ಕೆ ಕೊರೆದು, ಬುಡದಲ್ಲಿ ಗಡ್ಡೆಯಂತೆ ಅಗಲ ಮಾಡಿ ಕಾಂಕ್ರೀಟ್ ಕಂಬ ಹಾಕುವ ವಿಧಾನವದು. ಕಂಬದ ಬುಡ ಉಬ್ಬು-ಕುಗ್ಗು ಇಲ್ಲದ ಆಳದಲ್ಲಿ ಹಿಡಿದು ನಿಲ್ಲುತ್ತದೆ.

ಆದ್ದರಿಂದ ‘ಪಕ್ಕದ ಮನೆಗೆ ಮೂರಡಿ ಹಾಕಿದ್ದಾರೆ, ನಮಗೂ ಅಷ್ಟೇ ಸಾಕು’ ಎಂಬ ಲೆಕ್ಕ ಬೇಡ. ಮಣ್ಣು ಪರೀಕ್ಷೆಗೆ ತಗಲುವ ಖರ್ಚು ಇಡೀ ಮನೆಯ ಖರ್ಚಿನಲ್ಲಿ ಬಹಳ ಚಿಕ್ಕದು.

ಗುಂಡಿಯ ಬಳಿ ನಿಂತು ಇವನ್ನು ನೋಡಿ

* ಆಳ: ಐಎಸ್ 1904 ಪ್ರಕಾರ ಯಾವ ಅಡಿಪಾಯವೂ ನೆಲಮಟ್ಟದಿಂದ 50 ಸೆಂಟಿಮೀಟರ್‌ಗಿಂತ ಕಡಿಮೆ ಆಳದಲ್ಲಿ ಇರಕೂಡದು. ಇದು ಕನಿಷ್ಠ ಮಿತಿ. ಗಟ್ಟಿ ಮಣ್ಣು ಇನ್ನೂ ಕೆಳಗಿದ್ದರೆ ಅಲ್ಲಿಯವರೆಗೂ ಹೋಗಲೇಬೇಕು.

* ತಳ: ಗುಂಡಿಯಲ್ಲಿ ನೀರು ನಿಂತಿದ್ದರೆ ಅದನ್ನು ಖಾಲಿ ಮಾಡಿ, ಮೆದುವಾದ ಕೆಸರನ್ನು ಕೆರೆದು ತೆಗೆದ ನಂತರವೇ ಕಾಂಕ್ರೀಟ್ ಹಾಕಬೇಕು. ಅಗೆತ ಹೆಚ್ಚಾಗಿದ್ದರೆ ಮತ್ತೆ ಮಣ್ಣು ತುಂಬಿಸಿ ಸಮ ಮಾಡುವುದಲ್ಲ, ತೆಳು ಕಾಂಕ್ರೀಟಿನಿಂದಲೇ ತುಂಬಿಸಬೇಕು.

* ಸರಳು: ಕಬ್ಬಿಣದ ಜಾಲರಿಯನ್ನು ನೇರವಾಗಿ ಮಣ್ಣಿನ ಮೇಲೆ ಇಡಕೂಡದು. ಫೂಟಿಂಗ್‌ನಲ್ಲಿ ಸರಳಿನ ಸುತ್ತ ಕನಿಷ್ಠ 50 ಮಿಲಿಮೀಟರ್, ಅಂದರೆ 2 ಇಂಚು ಕಾಂಕ್ರೀಟ್ ಇರಬೇಕು ಎನ್ನುತ್ತದೆ ಐಎಸ್ 456. ಅದಕ್ಕಾಗಿ ಜಾಲರಿಯ ಕೆಳಗೆ ಕವರ್ ಬ್ಲಾಕ್ ಇಟ್ಟಿದ್ದಾರೆಯೇ ನೋಡಿ. ಹಾಗೆ ಮಾಡದಿದ್ದರೆ ತೇವಾಂಶ ತಾಗಿ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ.

* ದಪ್ಪ: ಫೂಟಿಂಗ್‌ನ ಅಂಚು 150 ಮಿಲಿಮೀಟರ್‌ಗಿಂತ, ಅಂದರೆ 6 ಇಂಚಿಗಿಂತ ತೆಳ್ಳಗಿರಬಾರದು.

* ನೀರುಣಿಸುವುದು: ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಇಂದು ಹೆಚ್ಚು ಬಳಕೆಯಲ್ಲಿರುವ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್ ಆಗಬೇಕು. ಬಿಸಿಲು ಜೋರಾಗಿದ್ದರೆ ಕ್ರಮವಾಗಿ 10 ಮತ್ತು 14 ದಿನ. ಮರುದಿನವೇ ಮಣ್ಣು ಮುಚ್ಚಲು ಅವಸರ ಮಾಡಿದರೆ ಒಪ್ಪಬೇಡಿ.

* ಪ್ಲಿಂತ್ ಬೆಲ್ಟ್: ಕಲ್ಲಿನ ಪಂಚಾಂಗವಿದ್ದು ನೆಲ ಮೆತ್ತಗಿದ್ದರೆ ಅಥವಾ ಒಂದೊಂದು ಕಡೆ ಒಂದೊಂದು ಬಗೆ ಇದ್ದರೆ, ಪಂಚಾಂಗದ ಮೇಲೆ ಸುತ್ತಲೂ ಸರಳು ಹಾಕಿದ ಕಾಂಕ್ರೀಟ್ ಪಟ್ಟಿ ಇರಲಿ. ಭೂಕಂಪ ನಿರೋಧಕ ಕಟ್ಟಡಗಳ ನಿಯಮವಾದ ಐಎಸ್ 4326 ಕೂಡಾ ಇದನ್ನೇ ಹೇಳುತ್ತದೆ.

* ಇಂಗುಗುಂಡಿ: ಶೌಚಾಲಯದ ನೀರಿನ ಇಂಗುಗುಂಡಿ ಮನೆಯಿಂದ ಕನಿಷ್ಠ 6 ಮೀಟರ್, ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ದೂರವಿರಬೇಕು. ಪಾಯದ ಬುಡಕ್ಕೆ ಸದಾ ನೀರು ಇಳಿದರೆ ಗಟ್ಟಿ ಮಣ್ಣೂ ಮೆದುವಾಗುತ್ತದೆ.

ಗುಡ್ಡದ ಅಂಚಿನಲ್ಲಿ

ಜಾಗದ ಬೆಲೆ ಏರಿದಂತೆ ಗುಡ್ಡ ಕಡಿದು, ಒಂದರ ಮೇಲೊಂದು ಮೆಟ್ಟಿಲಿನಂತೆ ಮನೆ ಕಟ್ಟುವುದು ಹೆಚ್ಚಾಗಿದೆ. ಇಲ್ಲಿ ನಮ್ಮ ತಪ್ಪಿನ ಫಲವನ್ನು ಕೆಳಗಿನ ಮನೆಯವರು ಉಣ್ಣಬೇಕಾಗುತ್ತದೆ. 2024ರ ಜೂನ್ 26ರ ಮುಂಜಾನೆ ಉಳ್ಳಾಲ ತಾಲೂಕಿನ ಕುತ್ತಾರು ಮದನಿನಗರದಲ್ಲಿ ಭಾರೀ ಮಳೆಗೆ ಪಕ್ಕದ ಮನೆಯ ಕಂಪೌಂಡ್ ಗೋಡೆ ಕುಸಿದು ಬಿತ್ತು. ಮನೆಯೊಳಗಿದ್ದ ತಂದೆ, ತಾಯಿ ಮತ್ತು ಇಬ್ಬರು ಹೆಣ್ಣು ಮಕ್ಕಳು ಪ್ರಾಣ ಕಳೆದುಕೊಂಡರು. ಇಂತಹ ದುರಂತ ಇನ್ನೊಂದು ಮನೆಗೆ ಬಾರದಿರಲು ನಾವೇನು ಮಾಡಬೇಕು?

ಮೊದಲನೆಯದಾಗಿ, ಕಂಪೌಂಡ್ ಗೋಡೆ ಬೇರೆ, ಮಣ್ಣು ತಡೆಯುವ ಗೋಡೆ ಬೇರೆ. ಗಡಿ ಗುರುತಿಗೆ ಕಟ್ಟಿದ ಗೋಡೆಯ ಹಿಂದೆ ಮಣ್ಣು ತುಂಬಿಸಿ ಅಂಗಳ ಮಟ್ಟ ಮಾಡಿದರೆ ಆ ಗೋಡೆ ಭಾರ ತಾಳದು. ತಡೆಗೋಡೆಗೆ ಅಗಲವಾದ ಪಾಯ ಬೇಕು, ಎಂಜಿನಿಯರ್‌ನ ಲೆಕ್ಕಾಚಾರ ಬೇಕು. ಹಿಂದೆ ಸೇರುವ ಮಳೆನೀರು ಹೊರಹೋಗಲು ಸಾಲಾಗಿ ತೂತುಗಳಿರಬೇಕು. ಮಣ್ಣು ನೀರು ಕುಡಿದಾಗ ಗೋಡೆಯ ಮೇಲಿನ ಒತ್ತಡ ಬಹಳ ಹೆಚ್ಚುತ್ತದೆ. ಆ ತೂತುಗಳಲ್ಲಿ ಕಸ ತುಂಬಿದೆಯೇ ಎಂದು ಪ್ರತಿ ಮಳೆಗಾಲಕ್ಕೆ ಮುನ್ನ ನೋಡಿಸಿ.

ಎರಡನೆಯದಾಗಿ, ಇಳಿಜಾರಿನ ಪಕ್ಕದಲ್ಲಿ ಫೂಟಿಂಗ್‌ನ ಕೆಳ ಅಂಚಿನಿಂದ ಇಳಿಜಾರಿನವರೆಗೆ ಮಣ್ಣಾದರೆ ಕನಿಷ್ಠ 90 ಸೆಂಟಿಮೀಟರ್, ಬಂಡೆಯಾದರೆ 60 ಸೆಂಟಿಮೀಟರ್ ಅಂತರ ಇರಬೇಕೆಂದು ಐಎಸ್ 1904 ಹೇಳುತ್ತದೆ. ಇಳಿಜಾರು ಕಡಿದಾಗಿದ್ದರೆ ಇನ್ನೂ ಹೆಚ್ಚು ಬೇಕಾಗುತ್ತದೆ.

ಮೂರನೆಯದಾಗಿ, ನೆರೆಯವರ ಪಾಯದ ಬುಡದಲ್ಲಿ ಅದಕ್ಕಿಂತ ಆಳವಾಗಿ ಅಗೆಯುವಾಗ ಎಂಜಿನಿಯರ್ ಬಂದು ನೋಡದೆ ಜೆಸಿಬಿ ಇಳಿಸಬೇಡಿ. ಪಕ್ಕದ ಜಮೀನಿಗೆ ನಮ್ಮ ಜಮೀನಿನಿಂದ ಸಿಗುವ ಆಸರೆ ಅವರ ಹಕ್ಕು ಎಂದು 1882ರ ಈಸ್‌ಮೆಂಟ್ ಕಾಯ್ದೆಯೇ ಹೇಳಿದೆ.

ಮೇಲೊಂದು ಮಹಡಿ

ಮಗನ ಮದುವೆಯಾಯಿತು, ಮನೆ ಸಾಲದು, ಮೇಲೆ ಎರಡು ಕೋಣೆ ಕಟ್ಟೋಣ ಎಂಬ ಮಾತು ಎಲ್ಲ ಮನೆಗಳಲ್ಲೂ ಬರುತ್ತದೆ. ಆದರೆ ಒಂದೇ ಅಂತಸ್ತಿಗೆಂದು ಹಾಕಿದ ಪಾಯ ಎರಡನೆಯದನ್ನು ಹೊರುತ್ತದೆಯೇ? ಗೋಡೆ ಗಟ್ಟಿಯಾಗಿದೆ ಎಂಬುದು ಅದಕ್ಕೆ ಉತ್ತರವಲ್ಲ. ಒಂದು ಮೂಲೆಯಲ್ಲಿ ಅಗೆಸಿ, ಪಾಯದ ಅಗಲ, ಆಳವನ್ನು ಎಂಜಿನಿಯರ್‌ಗೆ ತೋರಿಸಿದ ಮೇಲೆಯೇ ನಿರ್ಧರಿಸಿ. ಹೊಸ ಮನೆ ಕಟ್ಟುವವರಾದರೆ ಮುಂದೆ ಎಷ್ಟು ಅಂತಸ್ತು ಬರಬಹುದೆಂದು ಮೊದಲೇ ಹೇಳಿಬಿಡಿ. ಪಾಯದ ನಕ್ಷೆಯನ್ನು ಜಾಗದ ದಾಖಲೆಗಳ ಜೊತೆ ಜೋಪಾನವಾಗಿಡಿ.

ಸಹೋದರಿಯರೇ, ಇದನ್ನೆಲ್ಲ ಕೇಳಿದರೆ ಮೇಸ್ತ್ರಿಗೆ ಬೇಸರವಾದೀತು ಎಂದು ಸಂಕೋಚಪಡಬೇಡಿ. ಒಳ್ಳೆಯ ಮೇಸ್ತ್ರಿ ಸಂತೋಷದಿಂದಲೇ ತೋರಿಸುತ್ತಾನೆ. ‘ಎಂಜಿನಿಯರ್ ಬಂದು ನೋಡಿದ ಮೇಲೆ ಕಾಂಕ್ರೀಟ್ ಹಾಕೋಣ’ ಎಂಬ ಒಂದು ಮಾತನ್ನು ಗಟ್ಟಿಯಾಗಿ ಹೇಳಿ. ಗುಂಡಿಯ, ಸರಳಿನ ಫೋಟೋ ತೆಗೆದು ದೂರದಲ್ಲಿರುವ ಮನೆಯವರಿಗೆ ಕಳುಹಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಕೆಲಸ ಒಂದೆರಡು ದಿನ ತಡವಾಗಬಹುದು, ಆಗಲಿ. ಮಕ್ಕಳು ನಿಶ್ಚಿಂತೆಯಿಂದ ಮಲಗಬೇಕಾದ ಮನೆಯಲ್ಲವೇ ಅದು?